ಮೀನು ಬಾರದ ಗೂಡು

ಎರ್ವಿನ್ ಸ್ಟೆಲ್ಮಾಕ್ ಮೈಕ್ ಹಿಡಿದರೆ ಸಾಕು, ಮಾರ್ಲಿಸ್ ಟೆಸ್ಕೆಯ ಎದೆ ಧಸಕ್ಕೆನ್ನುತ್ತಿತ್ತು. ಅವನು ಮಿಲ್ವಾಕಿಯ ಫುಟ್‌ಬಾಲ್ ಕ್ಲಬ್ಬಿನ ಯಜಮಾನ, ಮೂರು ತಲೆಮಾರಿನಿಂದ ಸಾಸೇಜ್ ಮಾಡಿ ಮಾರಿ ದುಡ್ಡು ಕಂಡ ಮನೆತನದವನು. ಅವಳು ಅದೇ ಕ್ಲಬ್ಬಿನಲ್ಲಿ ಆಟಗಾರರ ಸಂಬಳ ಮಿತಿ ಮೀರದಂತೆ ಕಾವಲು ಕಾಯುವವಳು. ಯಜಮಾನನ ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಎರಡೂ ಒಟ್ಟಿಗೆ ಬಿಚ್ಚಿಕೊಂಡ ದಿನ ಮಾರ್ಲಿಸ್‌ಗೆ ತಲೆನೋವಿನ ಮಾತ್ರೆಯೇ ಗತಿ.

ಆ ಸೋಮವಾರದ ಊಟದಲ್ಲಿ ಎರಡೂ ಬಿಚ್ಚಿಕೊಂಡವು. ಪಂದ್ಯಗಳು ಶುರುವಾಗುವ ವಾರ ಕ್ಲಬ್ಬು ಊರಿನವರಿಗೆಲ್ಲ ಹಾಕಿಸುವ ಊಟ ಅದು. ಈ ವರ್ಷ ಟೀವಿಯವರು ಕ್ಯಾಮೆರಾ ಹೊತ್ತು ಬಂದಿದ್ದರು, ಬಂದದ್ದು ಸಾಸೇಜ್ ತಿನ್ನಲಿಕ್ಕೇನಲ್ಲ. ರೊಮೊಲೊ ಸಾಂತಿನಿ ಎಂಬ ಇಟಲಿಯ ಮಹಾ ಆಟಗಾರನನ್ನು ಕ್ಲಬ್ಬು ಆಗಷ್ಟೇ ಕರೆತಂದಿತ್ತು. ಅವನು ನಕ್ಕರೆ ಕ್ಯಾಮೆರಾ, ಕೆಮ್ಮಿದರೆ ಕ್ಯಾಮೆರಾ. ದುಡ್ಡು ಸುರಿದ ಯಜಮಾನನ ಮುಖದ ಕಡೆ ಒಬ್ಬನಾದರೂ ತಿರುಗಬೇಕಲ್ಲ! ಎರ್ವಿನ್ ಮೂರನೆಯ ಲೋಟ ಬ್ರಾಂಡಿ ಮುಗಿಸಿ ವೇದಿಕೆ ಹತ್ತಿದ.

"ಎಲ್ಲಾರೂ ಇಟಲಿಯವನನ್ನೇ ಬಾಯಿ ಬಿಟ್ಕೊಂಡು ನೋಡ್ತಾ ಇದ್ದೀರಲ್ಲ, ಇಲ್ಲಿ ನೋಡ್ರೀ!" ಎಂದು ಒಂದು ಮೇಜಿನ ಕಡೆ ಕೈ ಮಾಡಿದ. "ನೆಂಗ್, ಬಾರೋ ಮೇಲೆ. ಹನ್ನೊಂದು ವರ್ಷದಿಂದ ನಮ್ಮ ಎಡಗಡೆ ಕಾಯ್ಕೊಂಡು ಬಂದೋನು ಇವನು. ಇವನಿಗೆ ಒಂದು ಹಾರನಾದ್ರೂ ಹಾಕಿದೀರಾ ಯಾರಾದ್ರೂ?"

ನೆಂಗ್ ಥಾವ್ ನಾಚಿಕೊಂಡು ಮೇಲೆ ಬಂದ. ಲಾವೋಸ್ ದೇಶದಿಂದ ಬಂದು ಮಿಲ್ವಾಕಿಯಲ್ಲಿ ನೆಲೆಸಿದ ಹ್ಮಾಂಗ್ ಜನರ ಕೇರಿಯಲ್ಲಿ ಬೆಳೆದ ಹುಡುಗ, ಈಗ ಮೂವತ್ತಾರು ದಾಟಿದ್ದ. ಎರ್ವಿನ್ ಜೇಬಿನಿಂದ ಒಂದು ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟ.

"ನನ್ನ ಮೀನಿನ ಗೂಡು. ಇನ್ಮೇಲೆ ನಿಂದು. ನನ್ನ ಕೈಯಾರೆ ಕಟ್ಟಿದ್ದು ಕಣ್ರೀ! ಇಪ್ಪತ್ತು ಸಾವಿರ ಡಾಲರಿಗೆ ಒಂದು ಕಾಸು ಕಮ್ಮಿ ಇಲ್ಲ!"

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನೆಂಗ್ ಕಣ್ಣೊರೆಸಿಕೊಂಡ. ಕ್ಯಾಮೆರಾಗಳು ಕೊನೆಗೂ ಯಜಮಾನನ ಕಡೆ ತಿರುಗಿದವು. ಮಾರ್ಲಿಸ್ ಕೈಯಲ್ಲಿದ್ದ ಫೋರ್ಕು ತಟ್ಟೆಗೆ ಬಿತ್ತು.

ಗೂಡೆಂದರೆ ಹಲಗೆಯ ಒಂದು ಕೋಣೆ, ಅಷ್ಟೆ. ಚಳಿಗಾಲದಲ್ಲಿ ಪೆವಾಕೀ ಕೆರೆ ಕಲ್ಲಿನಂತೆ ಹೆಪ್ಪುಗಟ್ಟಿದಾಗ ಜನ ತಮ್ಮ ತಮ್ಮ ಗೂಡುಗಳನ್ನು ಅದರ ಮೇಲೆ ಎಳೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ನೆಲದಲ್ಲಿ ಒಂದು ಕಿಂಡಿ, ಅದರ ಕೆಳಗೆ ಮಂಜುಗಡ್ಡೆಯಲ್ಲಿ ಕೊರೆದ ತೂತು, ಮೂಲೆಯಲ್ಲಿ ಒಲೆ. ಗಾಳ ಇಳಿಬಿಟ್ಟು ಕೂತರೆ ಹೆಂಡತಿಯ ಫೋನೂ ಅಲ್ಲಿಗೆ ತಲುಪುವುದಿಲ್ಲ. ಎರ್ವಿನ್ ತನ್ನ ಗೂಡಿಗೆ ಯಾರನ್ನೂ ಸೇರಿಸಿದವನಲ್ಲ. ಒಬ್ಬನೇ ಹೋಗುತ್ತಿದ್ದ, ಬರುವಾಗ ಆಫೀಸಿನವರಿಗೆಲ್ಲ ಮೀನು ತರುತ್ತಿದ್ದ. ಚೊಕ್ಕವಾಗಿ ಹೆಚ್ಚಿ, ಬಿಳಿ ಕಾಗದದಲ್ಲಿ ಸುತ್ತಿ, ಅಂಗಡಿಯವರು ನಾಚಬೇಕು ಹಾಗೆ. ಹಿಡಿದದ್ದು ಎಷ್ಟುದ್ದ ಇತ್ತೆಂದು ಎರಡೂ ಕೈ ಅಗಲಿಸಿ ತೋರಿಸುವಾಗ ಪಕ್ಕದಲ್ಲಿ ನಿಂತವರು ಹಿಂದೆ ಸರಿಯಬೇಕಾಗುತ್ತಿತ್ತು.

ಮರುದಿನ ಬೆಳಿಗ್ಗೆ ಮಾರ್ಲಿಸ್ ಕೋಟು ಕೂಡ ಬಿಚ್ಚದೆ ಯಜಮಾನನ ಕೋಣೆಗೆ ನುಗ್ಗಿದಳು. ಗೋಡೆಯ ತುಂಬ ಒಣಗಿಸಿ ಹಲಗೆಗೆ ಬಡಿದ ಪೈಕ್ ಮೀನುಗಳು ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದವು.

"ಯಜಮಾನ್ರೇ, ನೆಂಗ್‌ನ ಕೆಲಸ ತೆಗೆದ್ರಲ್ಲ, ಸಮಾಧಾನ ಆಯ್ತಾ?"

"ನಾನಾ? ಉಡುಗೊರೆ ಕೊಟ್ಟೆ ಕಣಮ್ಮ!"

"ಅದೇ ನಾನು ಹೇಳ್ತಿರೋದು!"

ಈ ಲೀಗಿನ ನಿಯಮವನ್ನು ಯಾರು ಮಾಡಿದರೋ, ಅವರ ಹೊಟ್ಟೆ ತಣ್ಣಗಿರಲಿ. ಎಲ್ಲ ಕ್ಲಬ್ಬಿಗೂ ಒಂದೇ ಅಳತೆಯ ಚೀಲ. ಆಟಗಾರರ ಸಂಬಳವೆಲ್ಲ ಆ ಚೀಲದೊಳಗೇ ಹಿಡಿಸಬೇಕು. ಕ್ಲಬ್ಬಾಗಲಿ ಯಜಮಾನನಾಗಲಿ ಆಟಗಾರನಿಗೆ ಕೊಡುವ ಉಡುಗೊರೆಯೂ ಸಂಬಳವೇ, ಅದೂ ಒಳಗೆ. ಇಲ್ಲಿಯವರೆಗೆ ನ್ಯಾಯವಾಗಿಯೇ ಇದೆ ಅನ್ನಿ. ಆದರೆ ಮೂರು ಮಂದಿ ತಾರೆಗಳಿಗೆ ಮಾತ್ರ ಬೇರೆ ಕಾನೂನು. ಅವರ ಸಂಬಳದ ಒಂದು ಗೊತ್ತಾದ ತುಂಡು ಚೀಲದೊಳಗೆ ಹೋದರೆ ಸಾಕು, ಮಿಕ್ಕದ್ದು ಹೊರಗೆ ಬೆಟ್ಟದಷ್ಟು ಬಿದ್ದಿದ್ದರೂ ಕೇಳುವವರಿಲ್ಲ. ರೊಮೊಲೊಗೆ ಬಂಗಲೆ, ಅಡುಗೆಯವನು, ಪಿಯಾನೊ, ಅವನ ನಾಯಿಯನ್ನು ತಿರುಗಾಡಿಸಲು ಒಬ್ಬ ಆಳು, ಯಾವುದಕ್ಕೂ ಲೆಕ್ಕವಿಲ್ಲ. ನೆಂಗ್‌ಗೆ ಕೊಟ್ಟ ಹಲಗೆ ಗೂಡಿಗೆ ಮಾತ್ರ ಮೊಳೆಮೊಳೆಗೂ ಲೆಕ್ಕ! ಹದಿನೈದು ವರ್ಷದಿಂದ ಈ ನಿಯಮ ಮಾರ್ಲಿಸ್‌ಗೆ ಬಾಯಿಪಾಠ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

"ರೊಮೊಲೊ ಬಂದ ಮೇಲೆ ಚೀಲದ ಬಾಯಿ ಕಟ್ಟಕ್ಕೂ ಆಗ್ತಿಲ್ಲ," ಎಂದಳು. "ನಾನೂರು ಡಾಲರಿನಷ್ಟು ಜಾಗ ಮಿಕ್ಕಿದೆ. ಶುಕ್ರವಾರ ಸಂಜೆ ತಂಡದಲ್ಲಿ ಯಾರ್ಯಾರು ಅಂತ ಹೆಸರು ಕೊಡ್ಬೇಕು. ನಿಮ್ಮ ಇಪ್ಪತ್ತು ಸಾವಿರದ ಗೂಡು ಸೇರಿಸಿದ್ರೆ ಯಾರನ್ನಾದ್ರೂ ಆಚೆ ಹಾಕ್ಬೇಕು. ಬೇರೆಯವ್ರ ಕರಾರೆಲ್ಲ ಗಟ್ಟಿ. ತೆಗೆಯಕ್ಕಾಗೋದು ನೆಂಗ್ ಒಬ್ಬನನ್ನೇ."

ಎರ್ವಿನ್‌ನ ಕೆಂಪು ಮುಖ ಬೆಳ್ಳಗಾಯಿತು. "ರೊಮೊಲೊಗೆ ಕೊಟ್ಟೆ ಅಂತ ಬರ್ಕೊಂಬಿಡು."

"ಟೀವಿಯಲ್ಲಿ ಕೀಲಿ ಯಾರ ಕೈಗಿಟ್ರಿ?"

"ಹಾಗಾದ್ರೆ ಅವನೇ ವಾಪಸ್ ಕೊಡ್ಲಿ. ನಾನು ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಪೈಕಿ ಅಲ್ಲ, ಆದ್ರೂ..."

"ಕೊಟ್ರೂ ಆಗಲ್ಲ. ಕೊಟ್ಟ ದಿನವೇ ಲೆಕ್ಕಕ್ಕೆ ಬಿತ್ತು. ಲೀಗಿನವ್ರಿಗೆ ಫೋನ್ ಮಾಡಿ ಕೇಳ್ದೆ. ಶುಕ್ರವಾರ ನ್ಯೂಯಾರ್ಕಿಂದ ಒಬ್ಬ ಬರ್ತಾನೆ ಬೆಲೆ ಕಟ್ಟಕ್ಕೆ. ಆ ಕೆರೆ ಮೇಲಿರೋ ಜನ ಅದನ್ನ ಕೊಳ್ಳೋದಾದ್ರೆ ಎಷ್ಟು ಕೊಡ್ತಾರೋ ಅದೇ ಬೆಲೆಯಂತೆ. ಅವನ ಮುಂದೆ ನೀವು ಒಂದೇ ಒಂದು ಮಾತು ಹೇಳಿ. ನನ್ನ ಗೂಡು ಕೆಲಸಕ್ಕೆ ಬಾರದ್ದು ಅಂತ."

"ಹೇಳ್ತೀನಿ ಬಿಡು."

"ಈಗ ಒಂದ್ಸಲ ಹೇಳಿ ನೋಡೋಣ."

ಎರ್ವಿನ್ ಬಾಯಿ ತೆರೆದ. ಮುಚ್ಚಿದ. ಗೋಡೆಯ ಮೀನುಗಳನ್ನು ನೋಡಿದ. "ನನ್ನ ಗೂಡು... ಸ್ವಲ್ಪ ಹಳೇದು," ಎಂದ. ಅಷ್ಟು ಹೇಳುವಷ್ಟರಲ್ಲಿ ಅವನ ಹಣೆ ಬೆವೆತುಹೋಗಿತ್ತು.

ನೆಂಗ್‌ಗೆ ವಿಷಯ ತಿಳಿಸುವ ಕರ್ಮವೂ ಮಾರ್ಲಿಸ್‌ದೇ. ಅವನು ಅಭ್ಯಾಸ ಮುಗಿಸಿ ಬೆಂಚಿನ ಮೇಲೆ ಕಾಲಿನ ಪಟ್ಟಿ ಬಿಚ್ಚುತ್ತಿದ್ದ. ಪೂರ್ತಿ ಕೇಳಿಸಿಕೊಂಡು, ಬಿಚ್ಚಿದ ಪಟ್ಟಿಯನ್ನು ಸುತ್ತಿಟ್ಟ.

"ಮೇಡಂ, ನನ್ನ ಮಗಳಿಗೆ ಐದು ತುಂಬ್ತು," ಎಂದ. "ಹೋದ ವರ್ಷ ಆಡಿದ್ದು ಒಂದೂ ನೆನಪಿಲ್ಲ ಅವಳಿಗೆ. ಮೊನ್ನೆ ಶಾಲೆಯಲ್ಲಿ ಅಪ್ಪ ಏನ್ ಕೆಲಸ ಮಾಡ್ತಾನೆ ಅಂತ ಕೇಳಿದ್ರೆ 'ಬಟ್ಟೆ ಒಗಿತಾನೆ' ಅಂದ್ಲಂತೆ. ಮನೇಲಿ ನಾನು ಮಾಡೋದು ಅದೊಂದೇ ನೋಡಿ. ಈ ಒಂದು ವರ್ಷ ಆಡ್ಬಿಟ್ರೆ ಅವಳಿಗೆ ನೆನಪಿರತ್ತೆ. ಆಮೇಲೆ ನಾನೇ ಬಿಡ್ತೀನಿ."

ಮಾರ್ಲಿಸ್‌ಗೆ ಕನಿಕರ ಬಂತು. ಸಿಟ್ಟೂ ಬಂತು. "ಆ ಮುದುಕನ ಬಾಯಿಗೆ ಹೊಲಿಗೆ ಹಾಕ್ಬೇಕು."

"ಬೈಬೇಡಿ ಮೇಡಂ. ಬಾಸ್ ಪ್ರೀತಿಯಿಂದ ಕೊಟ್ಟಿದ್ದು."

"ಪ್ರೀತಿಗೂ ಇಲ್ಲಿ ಲೆಕ್ಕ ಇದೆ ಕಣಪ್ಪ," ಎಂದಳು ಅವಳು.

ಶುಕ್ರವಾರ ಮಧ್ಯಾಹ್ನ ನ್ಯೂಯಾರ್ಕಿನ ಎಲಿಯಟ್ ರಾಸ್ಕಿನ್ ತೆಳ್ಳನೆಯ ಬೂಟು ಹಾಕಿಕೊಂಡು ಕೆರೆಗೆ ಬಂದಿಳಿದ. ಲೀಗಿನಿಂದ ಬಂದ ಬೆಲೆ ಕಟ್ಟುವವನು ಇವನೇ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಎರಡು ಸಲ ಜಾರಿ ಮಾರ್ಲಿಸ್‌ಳ ತೋಳು ಹಿಡಿದುಕೊಂಡ. ಮಾತು ಕಡಿಮೆ, ಮುಖದಲ್ಲಿ ನಗು ಇನ್ನೂ ಕಡಿಮೆ. ಇಂಥವನ ಮುಂದೆ ಕಣ್ಣೀರು ಹಾಕಿ ಪ್ರಯೋಜನವಿಲ್ಲವೆಂದು ಅವಳಿಗೆ ಆಗಲೇ ತಿಳಿಯಿತು.

ಸುದ್ದಿ ಹೇಗೋ ಹಬ್ಬಿತ್ತು. ಸುತ್ತಲಿನ ಗೂಡುಗಳವರೆಲ್ಲ ಗಾಳ ಬಿಟ್ಟು ಬಂದು ಎರ್ವಿನ್‌ನ ಗೂಡಿನ ಮುಂದೆ ನಿಂತಿದ್ದರು. ಎಲ್ಲರಿಗಿಂತ ಮುಂದೆ ಗೋರ್ಡಿ ಹಾಪ್ಕೆ. ನಲ್ಲಿ ರಿಪೇರಿಯಿಂದ ನಿವೃತ್ತನಾದವನು, ಇಪ್ಪತ್ತಾರು ಚಳಿಗಾಲ ಎರ್ವಿನ್‌ನ ಪಕ್ಕದ ಗೂಡಿನಲ್ಲೇ ಕೂತವನು. ಎರ್ವಿನ್ ಹೊಸ ಟೊಪ್ಪಿ ಹಾಕಿಕೊಂಡು ಮದುವೆ ಮನೆಯ ಯಜಮಾನನಂತೆ ನಿಂತಿದ್ದ. ಕೈ ಸುಮ್ಮನಿರದ ನೆಂಗ್ ಮಾತ್ರ ಒಳಗೆ ಹೋಗಿ ಒಲೆ ಹೊತ್ತಿಸಿ, ಕಿಂಡಿಯ ಮಂಜು ಒಡೆದು, ಗಾಳಕ್ಕೆ ಎರೆ ಸಿಕ್ಕಿಸಿ ಇಳಿಬಿಟ್ಟು, ಮೀನು ಕಚ್ಚಿದರೆ ತಿಳಿಯಲೆಂದು ಕೋಲಿನ ತುದಿಗೆ ಗಂಟೆ ಕಟ್ಟಿ ಹೊರಗೆ ಬಂದ.

"ನೀವು ಇದನ್ನು ಕೊಳ್ಳುವುದಾದರೆ ಎಷ್ಟು ಕೊಡ್ತೀರಿ?" ರಾಸ್ಕಿನ್ ಗೋರ್ಡಿಯನ್ನು ಕೇಳಿದ.

ಗೋರ್ಡಿ ಗೂಡಿನ ಸುತ್ತ ಒಂದು ಸುತ್ತು ಬಂದ. "ಹಲಗೆ ಲಡ್ಡು. ಬಾಗಿಲು ಸೊಟ್ಟ."

ಮಾರ್ಲಿಸ್‌ಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು.

"ಸೊಟ್ಟ ನಿನ್ನ ಮೋರೆ!" ಎರ್ವಿನ್ ಹಾರಿಬಿದ್ದ. "ಓಕ್ ಮರ ಕಣೋ ಅದು! ಒಲೆ ನೋಡಿ ಸಾರ್, ನಮ್ಮಜ್ಜ ಪೋಲೆಂಡಿಂದ..."

ಮಾರ್ಲಿಸ್ ಅವನ ಕಾಲನ್ನು ಬಲವಾಗಿ ತುಳಿದಳು. ದಪ್ಪ ಬೂಟು, ಅವನಿಗೆ ಗೊತ್ತೇ ಆಗಲಿಲ್ಲ.

"ಪೂರ್ತಿ ಕೇಳಿ ಸ್ವಾಮಿ," ಎಂದ ಗೋರ್ಡಿ. "ಹಲಗೆ ಲಡ್ಡಾದ್ರೂ ಗೂಡು ಅದೃಷ್ಟದ್ದು. ಇದರಲ್ಲಿ ಕೂತು ಇವನು ಹಿಡಿದಷ್ಟು ಮೀನು ಈ ಕೆರೆಯಲ್ಲಿ ಯಾರೂ ಹಿಡಿದಿಲ್ಲ. ಇವನ ಆಫೀಸಿನ ಗೋಡೆ ನೋಡಿ ಬನ್ನಿ ಬೇಕಾದ್ರೆ. ಹದಿನೈದು ಸಾವಿರ ಕೊಡ್ತೀನಿ, ನನ್ನ ಹೆಂಡ್ತಿಗೆ ಹೇಳ್ಬೇಡಿ."

"ಹದಿನಾರು!" ಹಿಂದಿನಿಂದ ಯಾರೋ ಕೂಗಿದರು.

"ಹದಿನೇಳು ನಂದು!"

ರಾಸ್ಕಿನ್ ಬರೆದುಕೊಳ್ಳುತ್ತಲೇ ಇದ್ದ. ಎರ್ವಿನ್‌ನ ಮುಖ ದೀಪದಂತೆ ಬೆಳಗತೊಡಗಿತು. "ಆ ಹತ್ತೊಂಬತ್ತು ಪೌಂಡಿನ ಪೈಕ್ ಹಿಡಿದ ದಿನ..." ಎಂದು ಎರಡೂ ಕೈ ಅಗಲಿಸಿದ. ಅಗಲಿಸಿದ ಕೈಯನ್ನು ಮಾರ್ಲಿಸ್ ಎಳೆದು ಕೆಳಗಿಳಿಸಿದಳು. ಅದೇ ಹೊತ್ತಿಗೆ ಎಲ್ಲಿಂದಲೋ ಹಿಮದ ಸ್ಕೂಟರ್ ಗುಡುಗುಡು ಬಂದು ನಿಂತಿತು. ಮೇಲೆ ಬಿಳಿ ಉಣ್ಣೆಯ ಕೋಟು ತೊಟ್ಟ ರೊಮೊಲೊ, ಅವನ ಮಡಿಲಲ್ಲಿ ನಾಯಿ.

"ನೆಂಗ್‌ಗೆ ಕಷ್ಟ ಅಂತೆ? ಯಾಕೆ ಅಳ್ತೀರಿ?" ಎಂದು ಕೈ ಬೀಸಿದ. "ನಾನು ಕೊಳ್ತೀನಿ! ಐವತ್ತು ಸಾವಿರ!"

"ಅಯ್ಯೋ ನಿನ್ನ!" ಮಾರ್ಲಿಸ್ ಓಡಿಹೋಗಿ ಅವನ ಕೋಟಿನ ಕಾಲರ್ ಹಿಡಿದಳು. "ಬಾಯಿ ಮುಚ್ಕೊಂಡು ಅಲ್ಲಿ ನಿಂತ್ಕೋ. ಬೆಲೆ ಜಾಸ್ತಿ ಆದ್ರೆ ನೆಂಗ್ ಮನೆಗೆ ಹೋಗ್ಬೇಕಾಗತ್ತೆ, ಗೊತ್ತಾ?"

"ಬೆಲೆ ಜಾಸ್ತಿ ಆದ್ರೆ ಕೆಟ್ಟದ್ದಾ?" ರೊಮೊಲೊಗೆ ಇದು ಜನ್ಮದಲ್ಲಿ ಕೇಳದ ಮಾತು. ನಾಯಿಯನ್ನು ಎದೆಗೊತ್ತಿಕೊಂಡು ಬಾಗಿಲ ಪಕ್ಕ ನಿಂತುಕೊಂಡ.

"ತಂಡದವರ ಮಾತು ಲೆಕ್ಕಕ್ಕಿಲ್ಲ," ಎಂದ ರಾಸ್ಕಿನ್. "ಹದಿನೇಳು ಸಾವಿರ ಅಂತ ಬರೆಯಲೇ?"

ನೆಂಗ್ ಕೈಗವಸು ತೆಗೆದು ಜೇಬಿನಿಂದ ಕೀಲಿ ಹೊರಗೆ ತೆಗೆದು ನೋಡಿದ, ಮತ್ತೆ ಜೇಬಿಗೇ ಹಾಕಿದ. ಮಾರ್ಲಿಸ್ ಯಜಮಾನನ ಕಿವಿಯ ಹತ್ತಿರ ಬಂದಳು. ಹದಿನೈದು ವರ್ಷದಲ್ಲಿ ಮೊದಲ ಸಲ ಅವನನ್ನು ಹೆಸರು ಹಿಡಿದು ಕರೆದಳು.

"ಎರ್ವಿನ್. ಅಪ್ಪ ಬಟ್ಟೆ ಒಗಿಯೋನು ಅಂತ ಅವನ ಮಗಳು ಶಾಲೇಲಿ ಹೇಳಿದಾಳೆ. ಅಪ್ಪ ಆಡೋದನ್ನ ಅವಳು ನೋಡ್ಲಿ, ಈ ಒಂದು ವರ್ಷ. ಇನ್ನೇನೂ ಕೇಳ್ತಿಲ್ಲ ಅವನು."

ಎರ್ವಿನ್ ನೆಂಗ್‌ನನ್ನು ನೋಡಿದ. ಹಲಗೆ ಗೂಡನ್ನು ನೋಡಿದ. ತಲೆಯ ಮೇಲಿನ ಹೊಸ ಟೊಪ್ಪಿ ತೆಗೆದ. ಗಾಳಿಗೆ ಅವನ ನಾಲ್ಕು ಬಿಳಿ ಕೂದಲು ನೆಟ್ಟಗೆ ನಿಂತವು.

"ಒಂದೂ ಹಿಡಿದಿಲ್ಲ," ಎಂದ.

"ಏನು?" ಎಂದ ಗೋರ್ಡಿ.

"ಮೀನು. ಈ ಗೂಡಿನಲ್ಲಿ ಇಪ್ಪತ್ತಾರು ವರ್ಷ ಕೂತೆ. ಒಂದೇ ಒಂದು ಮೀನು ಬಿದ್ದಿಲ್ಲ."

ಗೋರ್ಡಿ ಅವನ ಹತ್ತಿರ ಬಂದ.

"ಮತ್ತೆ ಹೋದ ವರ್ಷ ನಮ್ಮನೆಗೆ ಕಳಿಸಿದ್ಯಲ್ಲ, ಆ..."

"ಶೆಬಾಯ್ಗನ್‌ನ ಮೀನಂಗಡೀದು."

"ಗೋಡೆ ಮೇಲಿರೋವು?"

"ಮಿನೆಸೋಟಾದಲ್ಲಿ ಯಾರೋ ಹಲ್ಲಿನ ಡಾಕ್ಟರ್ ಸತ್ತುಹೋಗಿದ್ದ. ಅವನ ಮನೆ ಸಾಮಾನು ಹರಾಜಲ್ಲಿ ಹಿಡ್ಕೊಂಡು ಬಂದೆ. ಎಲ್ಲಾ ಒಟ್ಟಿಗೆ ಕೊಂಡ್ರೆ ಸೋವಿ ಇತ್ತು." ಒಮ್ಮೆ ಕಟ್ಟೆ ಒಡೆದ ಮೇಲೆ ನಿಲ್ಲುವುದೆಲ್ಲಿ? "ಗಾಳ ಬದಲಾಯಿಸ್ದೆ, ದಾರ ಬದಲಾಯಿಸ್ದೆ, ಎರೆ ಬದಲಾಯಿಸ್ದೆ. ಹಲಗೆ ಸಂದಿಯಿಂದ ನಿನ್ನೇ ನೋಡ್ತಿದ್ದೆ ಗೋರ್ಡಿ. ನೀನು ಬಕೆಟ್ ತುಂಬ್ಕೊಂಡು ಹೋಗ್ತಿದ್ದೆ. ನಾನು ಕತ್ತಲಾಗೋವರೆಗೂ ಕೂತಿದ್ದು ಅಂಗಡಿಗೆ ಹೋಗ್ತಿದ್ದೆ. ಗೂಡಲ್ಲ ಕಣೋ ಇದು, ಶನಿ."

ಗೋರ್ಡಿ ಪಕ್ಕದಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಸಿದು ಕೂತ. "ಇಪ್ಪತ್ತಾರು ವರ್ಷ ನಿನ್ನ ನೋಡಿ ಹೊಟ್ಟೆ ಉರ್ಕೊಂಡೆನಲ್ಲೋ ಪಾಪಿ! ನನ್ನ ಹೊಟ್ಟೆಹುಣ್ಣಿಗೆ ಔಷಧಿ ದುಡ್ಡು ಯಾರು ಕೊಡ್ತಾರೆ?"

"ಹಾಗಾದರೆ ನಿಮ್ಮ ಬೆಲೆ?" ಎಂದ ರಾಸ್ಕಿನ್.

"ಇದಕ್ಕಾ? ನನ್ನ ಗೂಡಿನ ಪಕ್ಕ ಇಡಕ್ಕೂ ಬಿಡಲ್ಲ ಇನ್ಮೇಲೆ. ಸೌದೆಗೆ ಒಡೆದ್ರೆ ನೂರು ಡಾಲರ್. ಒಲೆ ಸೇರಿಸಿದ್ರೆ ನೂರೈವತ್ತು."

"ಹದಿನಾರು?" ರಾಸ್ಕಿನ್ ಹಿಂದಕ್ಕೆ ತಿರುಗಿ ಕೇಳಿದ. ಹದಿನಾರು ಕೂಗಿದವನು ಆಕಾಶ ನೋಡಿದ. ಹದಿನೇಳರವನು ಆಗಲೇ ಅರ್ಧ ಕೆರೆ ದಾಟಿದ್ದ.

"ನೂರೈವತ್ತು," ಎಂದು ರಾಸ್ಕಿನ್ ಬರೆಯಹೋದ. ಚಳಿಗೆ ಪೆನ್ನು ಹೆಪ್ಪುಗಟ್ಟಿತ್ತು. ಅವನ ತುಟಿಯೂ ನೀಲಿಯಾಗಿತ್ತು. "ಒಳಗೆ ಒಲೆ ಇದೆಯಲ್ಲ, ಅಲ್ಲೇ ಸಹಿ ಹಾಕ್ತೀನಿ," ಎಂದು ಗೂಡಿನೊಳಗೆ ನುಗ್ಗಿದ.

ಎರ್ವಿನ್, ನೆಂಗ್, ಮಾರ್ಲಿಸ್ ಹಿಂದೆಯೇ ಹೋದರು. ರೊಮೊಲೊ ಬಾಗಿಲಿಗೆ ಅಡ್ಡ ನಿಂತ. ಹೊರಗೆ ಕೈಯಳತೆಯಲ್ಲೇ ಗೋರ್ಡಿ ಬಕೆಟ್ಟಿನ ಮೇಲೆ ಕೂತು ಶಾಪ ಹಾಕುತ್ತಿದ್ದ. ರಾಸ್ಕಿನ್ ಕಿಂಡಿಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತು ಪೆನ್ನನ್ನು ಉಜ್ಜಿ ಉಜ್ಜಿ ಬಿಸಿ ಮಾಡತೊಡಗಿದ.

ಗಂಟೆ ಟಿಣ್ ಎಂದಿತು.

ಮಾರ್ಲಿಸ್ ತಕ್ಷಣ ಕೆಮ್ಮಿದಳು. ಗಂಟೆ ಮತ್ತೆ ಬಡಿದುಕೊಂಡಿತು, ಕೋಲು ಬಿಲ್ಲಿನಂತೆ ಬಾಗಿತು. ಅವಳು ಕ್ಷಯ ಹಿಡಿದವಳ ಹಾಗೆ ಕೆಮ್ಮುತ್ತಲೇ ಇದ್ದಳು. ಮೀನು ಬಿದ್ದದ್ದು ಗೊತ್ತಾದರೆ ಗೋರ್ಡಿ ಮತ್ತೆ ಹದಿನೈದು ಸಾವಿರ ಕೂಗುತ್ತಾನೆ, ಸಹಿ ಇನ್ನೂ ಬಿದ್ದಿಲ್ಲ! ಅವಳು ರೊಮೊಲೊ ಕಡೆ ನೋಡಿದಳು. ಅವನು ಕಿಂಡಿಯನ್ನು ನೋಡಿದ, ಅವಳ ಕಣ್ಣನ್ನು ನೋಡಿದ, ಕೊನೆಗೂ ಅವನ ತಲೆಗೆ ಹೊಳೆಯಿತು. ಎದೆ ಉಬ್ಬಿಸಿ ತಮ್ಮೂರಿನ ಯಾವುದೋ ಹಾಡನ್ನು ಕೆರೆ ಬಿರಿಯುವಂತೆ ಎತ್ತಿಕೊಂಡ. ನಾಯಿಯೂ ಊಳಿಟ್ಟಿತು. ಅಷ್ಟು ದುಡ್ಡು ಕೊಟ್ಟು ತಂದದ್ದಕ್ಕೆ ಒಂದು ಉಪಯೋಗವಾದರೂ ಆಯಿತೆಂದುಕೊಂಡಳು ಮಾರ್ಲಿಸ್.

"ಏನಿದು?" ರಾಸ್ಕಿನ್ ಕಿವಿ ಮುಚ್ಚಿಕೊಂಡ.

"ಸಂತೋಷಕ್ಕೆ ಸಾರ್. ನೀವು ಸಹಿ ಹಾಕಿ," ಎಂದು ಅವಳು ಕಾಗದವನ್ನು ಅವನ ಮೂಗಿನ ಮುಂದೆ ಹಿಡಿದು ದಾರಿಗೆ ಅಡ್ಡ ನಿಂತಳು.

ಅವನ ಬೆನ್ನ ಹಿಂದೆ ಎರ್ವಿನ್ ಕಿಂಡಿಯ ಮುಂದೆ ಮೊಣಕಾಲೂರಿದ್ದ. ನೀರಿನಿಂದ ಒಂದು ತಲೆ ಮೇಲೆದ್ದಿತು. ಪೈಕ್ ಮೀನು. ತಲೆಯೇ ಒಂದು ಬೂಟಿನಷ್ಟಿತ್ತು. ಹಳದಿ ಕಣ್ಣು ಅವನನ್ನೇ ನೋಡುತ್ತಿತ್ತು. ನೆಂಗ್ ದಾರವನ್ನು ಅವನ ಕೈಗೆ ಕೊಟ್ಟು ಕಿವಿಯಲ್ಲಿ ಹೇಳಿದ, "ಎಳೀರಿ ಬಾಸ್. ಪರವಾಗಿಲ್ಲ. ಇದು ನಿಮ್ದು."

ಎರ್ವಿನ್ ದಾರ ಹಿಡಿದುಕೊಂಡೇ ಇದ್ದ. ಇಪ್ಪತ್ತಾರು ಚಳಿಗಾಲ ಕಾದದ್ದು ಕೈಗೇ ಬಂದು ಕೂತಿತ್ತು. ಒಂದು ಎಳೆತ ಸಾಕಿತ್ತು. ಅವನು ತಲೆಯಲ್ಲಾಡಿಸಿದ. ಸೊಂಟದಿಂದ ಚಾಕು ತೆಗೆದ. ಮೀನಿನ ನೆತ್ತಿಯನ್ನು ಒಮ್ಮೆ, ಮಗುವಿನ ತಲೆ ಸವರಿದ ಹಾಗೆ ಸವರಿ ದಾರ ಕೊಯ್ದ. ನೀರು ಬುಳುಕ್ಕೆಂದಿತು, ಅಷ್ಟೆ.

ರಾಸ್ಕಿನ್ ಸಹಿ ಹಾಕಿ ತಿರುಗಿದ. "ಏನೋ ಸದ್ದಾಯ್ತಲ್ಲ?"

"ನೀರು," ಎಂದ ಎರ್ವಿನ್. ಅವನ ಕಣ್ಣು ಒದ್ದೆಯಾಗಿತ್ತು. "ಇಲ್ಲಿ ಮೀನೆಲ್ಲಿ ಬರಬೇಕು ಸಾರ್."

ನೆಂಗ್ ಅವನ ತೋಳು ಹಿಡಿದು ಮೇಲೆತ್ತಿ ನಿಲ್ಲಿಸಿದ. ಕೈ ಬಿಡಲೇ ಇಲ್ಲ, ದಡ ಮುಟ್ಟುವವರೆಗೂ ಹಾಗೆಯೇ ಹಿಡಿದುಕೊಂಡು ಬಂದ.

ತಂಡದ ಹೆಸರುಗಳನ್ನು ಮಾರ್ಲಿಸ್ ಕಾರಿನಲ್ಲಿ ಕೂತೇ ಫೋನಿನಿಂದ ಕಳಿಸಿದಳು. ನೆಂಗ್ ಥಾವ್, ಎಡಗಡೆ. ಆಮೇಲೆ ಕಾರು ಊರಿನ ಕಡೆ ತಿರುಗಿಸಿದಳು. ಪಕ್ಕದಲ್ಲಿ ಎರ್ವಿನ್ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಇವನು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ತಡೆಯಲಾಗಲಿಲ್ಲ.

"ಎಷ್ಟುದ್ದ ಇತ್ತು? ನನಗೆ ತಲೆ ಮಾತ್ರ ಕಾಣಿಸ್ತು."

ಎರ್ವಿನ್ ಜೇಬಿನಿಂದ ಕೈ ತೆಗೆದ. ಅಗಲಿಸಿದ. ಇನ್ನೂ ಸ್ವಲ್ಪ ಅಗಲಿಸಲು ಹೋದವನು ತಡೆದು, ಎರಡೂ ಕೈಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡ.

"ಬಿಡಮ್ಮ. ಇನ್ನು ಯಾರು ನಂಬ್ತಾರೆ ನನ್ನ?"

"ನಾನು ನೋಡಿದೆನಲ್ಲ!"

"ನೀನು ನೋಡಿಲ್ಲ," ಎಂದ ಅವನು. "ನೀನು ನೋಡಿದ್ರೆ ನೆಂಗ್ ಆಡಂಗಿಲ್ಲ."

ಮಾರ್ಲಿಸ್ ಅವನ ಕಡೆಯ ಹೀಟರನ್ನು ಇನ್ನಷ್ಟು ಜೋರು ಮಾಡಿದಳು.

"ಇಲ್ಲ ಯಜಮಾನ್ರೇ," ಎಂದಳು ಆಮೇಲೆ. "ನಾನೇನೂ ನೋಡಿಲ್ಲ."